ಸೊನ್ನೆ ಕಿಲೋಮೀಟರಿನ ಸವಾರಿ

ಮುಸಾಂಜೆ ಪೇಟೆ ಮುಗಿದು ಕಿನಿಗಿಯ ಏರು ಶುರುವಾಗುವ ಕಡೆ ಒಂದು ನೀಲಿ ಬಾಗಿಲಿನ ಹಾಲಿನಂಗಡಿ ಇದೆ. ಅದು ದಾತಿವಾಳದು. ಅದಕ್ಕೆ ಆತುಕೊಂಡಿರುವ ತಗಡಿನ ಚಪ್ಪರ ನನ್ನದು. ಮೂವತ್ತೆರಡು ವರ್ಷದಿಂದ ಅಲ್ಲೇ ಕೂತು ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಗಾಸ್ಪಾರ್ ಎಂದು ಹೆಸರು ಹಿಡಿದು ಕರೆಯುತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳು ಹೋದಮೇಲೆ ಎಲ್ಲರಿಗೂ ನಾನು ಬರೀ ಮುಜೇ, ಅಂದರೆ ಮುದುಕಪ್ಪ. ಇರಲಿ, ಆಗಿದ್ದೇನಲ್ಲ.

ನಮ್ಮೂರಿಗೆ ಬಂದವರೆಲ್ಲ ರೇಸಿನ ಹುಡುಗರ ಕಥೆ ಕೇಳುತ್ತಾರೆ. ಯಾರು ಗೆದ್ದರು, ಯಾರು ಯಾವ ತಿರುವಿನಲ್ಲಿ ಬಿದ್ದರು, ಯಾರನ್ನು ಯಾವ ದೇಶದವರು ಕರೆದುಕೊಂಡು ಹೋದರು. ಅದನ್ನೆಲ್ಲ ಹೇಳಲು ರೇಡಿಯೋ ಇದೆ. ನನಗೆ ಹೇಳಬೇಕೆನಿಸುವುದು ಒಂದು ದಿನವೂ ಪೆಡಲಿನ ಮೇಲೆ ಕಾಲಿಡದ ಈ ದಾತಿವಾಳ ಕಥೆ.

ಅವಳ ಅಂಗಡಿಯಲ್ಲಿ ಇರುವುದೇ ಮೂರು ಪದಾರ್ಥ. ಕಾಯಿಸಿದ ಹಾಲು, ಇಕಿವುಗುಟೊ ಎಂಬ ನಮ್ಮ ಗಟ್ಟಿ ಹುಳಿಹಾಲು, ಬೆಳಿಗ್ಗೆ ಕರಿದಿಟ್ಟ ಮಂದಾಜಿ ಎಂಬ ಸಿಹಿ ಹಿಟ್ಟಿನ ಉಂಡೆ. ದಾತಿವಾ ಹಾಲಿಗೆ ಬೆರಳು ಅದ್ದಿ ನಾಲಿಗೆಗಿಟ್ಟಳೆಂದರೆ ಅದು ಈ ಬೆಳಗಿನದೋ ನಿನ್ನೆ ಸಂಜೆಯದೋ, ನೀರು ಬಿದ್ದಿದೆಯೋ ಇಲ್ಲವೋ ಹೇಳಿಬಿಡುತ್ತಾಳೆ. ಸಹಕಾರ ಸಂಘದವರು ಗಾಜಿನ ಕೊಳವೆ ತಂದು ಪರೀಕ್ಷೆ ಮಾಡಿ ಸರಿಯಿದೆ ಎಂದ ಹಾಲನ್ನು ಇವಳು ವಾಪಸ್ಸು ಕಳಿಸಿದ್ದಾಳೆ. "ನಿಮ್ಮ ಕೊಳವೆಗೆ ನಾಲಿಗೆ ಇಲ್ಲ" ಅಂದಿದ್ದಳು. ಮಾತು ಕಡಿಮೆ, ಆಡಿದರೆ ಹೀಗೇ.

ಅವಳಿಗೆ ಕಿನಿಗಿಯಿಂದ ಹಾಲು ತರುತ್ತಿದ್ದವನು ವಿಯಾನೆ. ಗೇರಿಲ್ಲದ ಕಬ್ಬಿಣದ ಸೈಕಲ್, ಹಿಂದೆ ಎರಡು ಕ್ಯಾನು. ನಸುಕಿನಲ್ಲಿ ಖಾಲಿ ಕ್ಯಾನು ಕಟ್ಟಿಕೊಂಡು ಗುಡ್ಡ ಹತ್ತುವುದು, ತುಂಬಿದ ಕ್ಯಾನು ಹೊತ್ತು ಇಳಿಯುವುದು. ಹತ್ತುವುದು ಬರೀ ಕಷ್ಟ, ಇಳಿಯುವುದು ಅಪಾಯ. ಜೋರಾಗಿ ಬಂದರೆ ಹಾಲು ಕುಲುಕಿ ಬೆಣ್ಣೆ ಕಟ್ಟುತ್ತದೆ, ದಾತಿವಾ ಬೈಯುತ್ತಾಳೆ. ಬ್ರೇಕ್ ಕೈಕೊಟ್ಟರೆ ಬೈಸಿಕೊಳ್ಳಲು ಮನುಷ್ಯನೇ ಇರುವುದಿಲ್ಲ. ಅವನ ಬ್ರೇಕಿನ ರಬ್ಬರು ನಾನು ಎಷ್ಟು ಸಲ ಬದಲಾಯಿಸಿದ್ದೇನೋ ದೇವರಿಗೇ ಗೊತ್ತು. ಅವನ ಕ್ಯಾನಿನ ಹಾಲು ಮಾತ್ರ ಒಂದು ದಿನವೂ ಕೆಡಲಿಲ್ಲ. ಅವಳಿಗೆ ಅವನು ಹಿಡಿಸಿದ್ದು ಆ ಕಾರಣಕ್ಕೆ ಅಂತ ನನ್ನ ಲೆಕ್ಕ. ಅವಳು ಒಪ್ಪುವುದಿಲ್ಲ.

ಒಂದು ಬೆಳಿಗ್ಗೆ ಸೈಕಲ್ ಕ್ಲಬ್ಬಿನ ಹುಡುಗರು ಬಣ್ಣಬಣ್ಣದ ಬಟ್ಟೆ ತೊಟ್ಟು ಏರು ಹತ್ತುತ್ತಿದ್ದಾಗ ವಿಯಾನೆ ಖಾಲಿ ಕ್ಯಾನು ಲೊಟಲೊಟ ಎನ್ನಿಸಿಕೊಂಡು ಅವರನ್ನು ದಾಟಿ ಹೋದ. ಹಿಂದೆ ಕಾರಿನಲ್ಲಿ ಬರುತ್ತಿದ್ದ ಕೋಚ್ ಎವರಿಸ್ತ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏಯ್ ಹಾಲಿನವನೇ, ನಿಂತ್ಕೊಳ್ಳೋ!" ಎಂದು ಕೂಗಿದ. ಇವನು ನಿಲ್ಲಲಿಲ್ಲ. ಹಾಲು ಕರೆಯುವ ಹೊತ್ತು ಮೀರುತ್ತದಲ್ಲ. ಎವರಿಸ್ತನೇ ಮರುದಿನ ಹಾಲಿನಂಗಡಿಗೆ ಬಂದು ಕಾದು ಕೂತ.

ಆ ಕ್ಲಬ್ಬಿನವರು ವಿಯಾನೆಗೆ ಗೇರಿನ ಸೈಕಲ್ ಕೊಟ್ಟರು, ಒಂದು ಕಪ್ಪು ವಾಚೂ ಕೊಟ್ಟರು. ವಾಚಿನ ಹೊಟ್ಟೆಯಲ್ಲಿ ಹಸಿರು ದೀಪ. ಅದು ಮಣಿಕಟ್ಟಿಗೆ ಅಂಟಿ ಕೂತು ಎದೆಬಡಿತ ಎಣಿಸುತ್ತದೆ. ಸವಾರಿ ಮುಗಿದ ಮೇಲೆ ಫೋನಿನೊಳಗಿನ ಆ್ಯಪಿಗೆ ವರದಿ ಒಪ್ಪಿಸುತ್ತದೆ. ಆ್ಯಪು ನಕ್ಷೆಯ ಮೇಲೆ ಹೋದ ದಾರಿಯನ್ನೂ, ಅದರ ಕೆಳಗೆ ಎದೆಬಡಿತದ ಏರಿಳಿತವನ್ನೂ ಕೆಂಪು ಗೆರೆಯಲ್ಲಿ ಬರೆದು ತೋರಿಸುತ್ತದೆ. ಇಂತಿಷ್ಟು ಹೊತ್ತು ಇಂತಿಷ್ಟೇ ಬಡಿತದಲ್ಲಿ ತುಳಿ ಎಂದು ಕೋಚ್ ಅದರಲ್ಲೇ ಬರೆದು ಕಳಿಸುತ್ತಾನೆ. ನನಗೆ ನಗು ಬಂದಿತ್ತು. ದಣಿದಿದ್ದೀಯೋ ಇಲ್ಲವೋ ಎಂದು ಒಬ್ಬನ ಮುಖ ನೋಡಿದರೆ ತಿಳಿಯದೇ? ಅದಕ್ಕೊಂದು ಯಂತ್ರ ಬೇಕೇ?

ವಾಚು ಸಿಕ್ಕ ದಿನ ವಿಯಾನೆ ಅದನ್ನು ಬಿಚ್ಚಿ ದಾತಿವಾಳ ಕೈಗೆ ಕಟ್ಟಲು ಹೋದ.

"ಕೈ ಕೊಡು."

"ಕೈಯೆಲ್ಲ ಹಾಲು."

"ಕೊಡೇ ಸುಮ್ನೆ." ಕಟ್ಟಿ, ಬಗ್ಗಿ ನೋಡಿದ. "ತೊಂಬತ್ತಾರು! ಕೂತಲ್ಲೇ ಕೂತು ಹಾಲು ಮಾರೋಳಿಗೆ ತೊಂಬತ್ತಾರಾ? ಗುಡ್ಡ ಹತ್ತಿ ಇಳಿದು ಬಂದಿದ್ದೀನಿ, ನಂದೇ ಅರವತ್ತು."

"ನೀನು ಕೈ ಬಿಟ್ರೆ ಇಳಿಯತ್ತೆ," ಅಂದಳು ಅವಳು.

ನಾನು ಚಪ್ಪರದಿಂದಲೇ ಜೋರಾಗಿ ಕೆಮ್ಮಿದೆ. ಅವನು ಕೈ ಬಿಟ್ಟ. ಆ ಡಿಸೆಂಬರಿನಲ್ಲಿ ಹೆಣ್ಣಿನ ತೆರಕ್ಕೆಂದು ಹಸು ಹೊಡೆದುಕೊಂಡು ಹೋಗಿ ಅವಳ ಅಪ್ಪನ ಮನೆಯಲ್ಲಿ ಹೆಣ್ಣು ಕೇಳಿದೆವು. ಗಂಡಿನ ಕಡೆ ಮಾತಾಡಿದವನು ನಾನೇ. ಚೆನ್ನಾಗಿಯೇ ಮಾತಾಡಿದೆ.

ಆಮೇಲೆ ಎರಡು ವರ್ಷ ದಿನಾ ಬೆಳಿಗ್ಗೆ ನೋಡಿದ್ದು ಒಂದೇ ನೋಟ. ಅವನು ಅಭ್ಯಾಸ ಮುಗಿಸಿ ಬಂದು ಬೆಂಚಿನ ಮೇಲೆ ಕೂರುತ್ತಾನೆ. ಅವಳು ಹುಳಿಹಾಲು ಬಗ್ಗಿಸುತ್ತ ಅವನ ಫೋನು ತೆಗೆದು ಆ ದಿನದ ಗೆರೆ ನೋಡುತ್ತಾಳೆ. ಅವಳಿಗೆ ಯಾರೂ ಕಲಿಸಲಿಲ್ಲ. ಹಾಲು ಕಲಿತ ಹಾಗೆ ನೋಡಿನೋಡಿಯೇ ಕಲಿತಳು. ಒಂದು ದಿನ ಎವರಿಸ್ತನಿಗೆ ಹೇಳಿದಳು, "ಏರು ಶುರುವಾಗೋಕೆ ಮುಂಚೇನೇ ಇವನ ಬಡಿತ ಹತ್ತು ಜಾಸ್ತಿ ಆಗತ್ತೆ. ಹೆದರ್ತಾನೆ ಇವನು."

"ನಾನಾ? ಹೆದರೋದಾ?" ವಿಯಾನೆ ಎದ್ದೇಬಿಟ್ಟ.

ಎವರಿಸ್ತ್ ಹಳೆಯ ಗೆರೆಗಳನ್ನೆಲ್ಲ ತೆಗೆದು ನೋಡಿದ. ನಿಜವಾಗಿತ್ತು. ಇನ್ನೊಂದು ಸಂಗತಿಯೂ ಇತ್ತು. ತುದಿ ಮುಟ್ಟಿದ ಮೇಲೆ ವಿಯಾನೆಯ ಬಡಿತ ಒಂದೇ ನಿಮಿಷದಲ್ಲಿ ನೂರಾ ಎಪ್ಪತ್ತೈದರಿಂದ ನೂರಾ ಹತ್ತಕ್ಕೆ ಬಿದ್ದುಬಿಡುತ್ತಿತ್ತು, ಬಾವಿಗೆ ಕೊಡ ಬಿದ್ದ ಹಾಗೆ. "ಇಷ್ಟು ಬೇಗ ಇಳಿಯೋ ಎದೆ ನಾನು ನೋಡಿಲ್ಲ" ಅಂದ ಎವರಿಸ್ತ್. ಬೆಲ್ಜಿಯಂನ ಒಂದು ಸಣ್ಣ ತಂಡದವರು ಇವನನ್ನು ಕರೆಸಿಕೊಂಡದ್ದೂ ಆ ಗೆರೆಗಳನ್ನು ನೋಡಿಯೇ. ಅವಳು ಅಷ್ಟು ಪ್ರೀತಿಯಿಂದ ಓದಿದ ಗೆರೆಯೇ ಅವನನ್ನು ಎತ್ತಿಕೊಂಡು ಹೋಯಿತು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ.

ಹೊರಡುವಾಗ ಮಗಳು ತೇತಾಗೆ ಒಂದು ವರ್ಷ. ಅವನು ತನ್ನ ಆ್ಯಪಿನ ಗುಟ್ಟಿನ ಪದ ಹೇಳಿ ದಾತಿವಾಳ ಫೋನಿನಲ್ಲೂ ಅದನ್ನೇ ತೆರೆದುಕೊಟ್ಟ. "ದಿನಾ ಸಂಜೆ ನೋಡು. ನಾನೆಲ್ಲಿದ್ದೀನಿ, ಹೆಂಗಿದ್ದೀನಿ ಎಲ್ಲ ಗೊತ್ತಾಗತ್ತೆ. ಗೆದ್ದು ಬರ್ತೀನಿ," ಅಂದ. ಅವನ ಕಬ್ಬಿಣದ ಸೈಕಲನ್ನು ಅವಳು ಅಂಗಡಿಯ ಹಿಂದಿನ ಗೋಡೆಗೆ ಒರಗಿಸಿ ಗೋಣಿ ಹೊದಿಸಿಟ್ಟಳು.

ಸಂಜೆ ಐದಾದರೆ ಅಂಗಡಿ ತುಂಬುತ್ತಿತ್ತು. ಆಲೂಗೆಡ್ಡೆ ಮೂಟೆ ಸಾಗಿಸುವ ಸೈಕಲಿನವರು, ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವವರು, ಎಲ್ಲರೂ ಕೈಯಲ್ಲಿ ಹಾಲಿನ ಮಗ್ಗು ಹಿಡಿದು ಅವಳ ಫೋನಿನ ಸುತ್ತ ನೆರೆಯುತ್ತಿದ್ದರು. ಇವತ್ತು ಎಷ್ಟು ದೂರ, ಎಷ್ಟು ಎತ್ತರ, ಎದೆ ಎಲ್ಲಿಗೆ ಹೋಗಿತ್ತು. "ಬರೀ ನೂರೈವತ್ತಾ? ಅಲ್ಲಿ ಗುಡ್ಡಾನೇ ಇಲ್ವಾ? ನಮ್ಮ ಬುಯೋಗಾ ದಿಣ್ಣೆ ಒಂದು ಪಾರ್ಸಲ್ ಮಾಡಿ ಕಳಿಸಿ, ಮಾಮಾ ತೇತಾ!" ಎಂದು ನಗುತ್ತಿದ್ದರು. ನಮ್ಮಲ್ಲಿ ಹೆತ್ತವರನ್ನು ಮಗುವಿನ ಹೆಸರು ಸೇರಿಸಿಯೇ ಕರೆಯುವುದು, ಮಾಮಾ ಅಂದರೆ ಅಮ್ಮ. ಅವರಿಗೆ ಅದು ತಮಾಷೆ, ಹೆಮ್ಮೆ. ಅವರು ಎದ್ದುಹೋದ ಮೇಲೆ ಅವಳು ಒಬ್ಬಳೇ ಮತ್ತೆ ನೋಡುತ್ತಿದ್ದಳು. ಬೆರಳಿನಿಂದ ನಕ್ಷೆ ದೊಡ್ಡದು ಮಾಡಿ ಮಾಡಿ, ಅವನು ಯಾವ ಹೊಳೆ ದಾಟಿದ, ಯಾವ ಊರಿನ ಹೊರಗಿಂದ ಹೋದ ಎಂದು ದಾರಿಗುಂಟ ಹೋಗುತ್ತಿದ್ದಳು. ಆ ಊರುಗಳ ಹೆಸರು ಅವಳ ಬಾಯಿಗೆ ತಿರುಗುತ್ತಿರಲಿಲ್ಲ. ಆದರೂ ಬಾಯಿಪಾಠ ಬರುತ್ತಿತ್ತು.

ಒಂದು ಸೇತುವೆಯ ಹತ್ತಿರ ಅವನು ಪ್ರತಿ ಸವಾರಿಯಲ್ಲೂ ಐದಾರು ನಿಮಿಷ ನಿಲ್ಲುತ್ತಿದ್ದ. ಗೆರೆ ಅಲ್ಲಿ ತೆಪ್ಪಗೆ ಮಲಗಿರುತ್ತಿತ್ತು. ಅವಳು ಫೋನಿನಲ್ಲಿ ಕೇಳಿದಳು, "ಅಲ್ಲಿ ಯಾರಿದ್ದಾರೆ?"

"ಹಸುಗಳಿವೆ. ನೋಡ್ತಾ ನಿಂತ್ಕೋತೀನಿ," ಅಂದ.

ಅದನ್ನು ನನಗೆ ಹೇಳುವಾಗ ಅವಳ ದನಿ ಬೇರೆಯಾಗಿತ್ತು. ಅವಳಿಗೆ ಅವನು ಬೇಕಿತ್ತು, ಅಷ್ಟೇ. ಗೆರೆ ಸಾಕಾಗುತ್ತಿರಲಿಲ್ಲ, ಗೆರೆ ಇಲ್ಲದೆ ಇರಲೂ ಆಗುತ್ತಿರಲಿಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದ ಕೊನೆಯ ಒಂಬತ್ತು ದಿನ ಅವಳ ಕೈ ಹಿಡಿದೇ ಕೂತಿದ್ದೆ. ನಾಡಿ ಬೆರಳಿಗೆ ಸಿಗುತ್ತಿತ್ತು. ಎಲ್ಲಿಯೂ ಬರೆದಿಡಲಿಲ್ಲ. ದಾತಿವಾ ಫೋನು ಎದುರಿಗೆ ಹಿಡಿದುಕೊಂಡು ಕೂತಾಗ ನಾನು ಯಂತ್ರವನ್ನು ಬೈಯುವುದನ್ನು ಬಿಟ್ಟೆ.

ಇನ್ನೊಂದು ಮಾತು ಹೇಳಬೇಕು. ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಹನ್ನೊಂದರವರೆಗೆ ನಮ್ಮಲ್ಲಿ ಯಾರೂ ಸ್ವಂತ ಕೆಲಸಕ್ಕೆ ಹೊರಡುವುದಿಲ್ಲ. ಊರಿಗೆ ಊರೇ ಗುದ್ದಲಿ ಪೊರಕೆ ಹಿಡಿದು ಚರಂಡಿ ತೆಗೆಯುತ್ತದೆ, ರಸ್ತೆ ಗುಡಿಸುತ್ತದೆ. ಅದು ಉಮುಗಾಂಡಾ. ವಿಯಾನೆ ಆ ದೇಶಕ್ಕೆ ಹೋದಮೇಲೂ ಅದನ್ನು ಬಿಡಲಿಲ್ಲ. ಆ ದಿನ ತಾನಿದ್ದ ಮನೆಯೊಡತಿಯ ಅಂಗಳವನ್ನೂ ಮುಂದಿನ ರಸ್ತೆಯನ್ನೂ ಗುಡಿಸಿ, ಹನ್ನೊಂದಾದ ಮೇಲೆ ಸೈಕಲ್ ಹತ್ತುತ್ತಿದ್ದ. ಮುದುಕಿ ಇವನಿಗೆ ತಲೆ ಸರಿಯಿಲ್ಲ ಅಂದುಕೊಂಡಿದ್ದಳಂತೆ. ಅವನ ಜೊತೆ ಆ ಮನೆಯಲ್ಲಿದ್ದ ತಂಡದ ಹುಡುಗ ಫಿಲ್ಮೋನ್, ಎರಿಟ್ರಿಯಾದವನು, ಅವನಂತೂ ಕಿಟಕಿಯಿಂದ ನೋಡಿ ನಗುತ್ತಿದ್ದನಂತೆ. ಇದನ್ನೆಲ್ಲ ವಿಯಾನೆಯೇ ಹೇಳಿ ನಗಿಸುತ್ತಿದ್ದ.

ಎರಡು ವರ್ಷ ಹೀಗೇ ನಡೆಯಿತು. ಈ ಸಲದ ಜುಲೈ ಮೊದಲ ವಾರ ಎರಡು ದಿನ ಗೆರೆ ಬರಲಿಲ್ಲ. ಫೋನ್ ಮಾಡಿ, "ವಿಶ್ರಾಂತಿ ಕೊಟ್ಟಿದ್ದಾರೆ, ಚೆನ್ನಾಗಿದ್ದೀನಿ," ಅಂದ. ಮೂರನೆಯ ದಿನದಿಂದ ಮತ್ತೆ ಬರತೊಡಗಿತು. ಅಂಗಡಿ ಮತ್ತೆ ತುಂಬಿತು. ದಾತಿವಾ ಮಾತ್ರ ಹಾಲು ಕುದಿಯುವ ಪಾತ್ರೆಯ ಮುಂದೆ ಸೌಟು ಹಿಡಿದು ಹಾಗೇ ನಿಂತಿದ್ದಳು.

"ಮುಜೇ, ಇದು ಅವನದಲ್ಲ," ಅಂದಳು ನನಗೆ.

"ಏನು ಅವನದಲ್ಲ?"

"ಎದೆ."

ಪಕ್ಕದಲ್ಲಿದ್ದ ಆಲೂಗೆಡ್ಡೆಯ ತಾರ್ಸಿಸ್ ಕೇಳಿಸಿಕೊಂಡು ಬಿದ್ದುಬಿದ್ದು ನಕ್ಕ. "ಗಂಡನ ಎದೇನ ಯಾರೋ ಬೆಳ್ಳಗಿನೋಳು ಹೊಡ್ಕೊಂಡು ಹೋದ್ಳಾ, ಮಾಮಾ ತೇತಾ?" ಅವಳು ಅವನ ಮಗ್ಗು ಕಸಿದುಕೊಂಡು ಅರ್ಧ ಕುಡಿದ ಹಾಲನ್ನು ಬಚ್ಚಲಿಗೆ ಚೆಲ್ಲಿದಳು. ತಾರ್ಸಿಸ್ ಒಂದು ವಾರ ಆ ಕಡೆ ಸುಳಿಯಲಿಲ್ಲ.

ಎವರಿಸ್ತನನ್ನು ಕರೆಸಿ ತೋರಿಸಿದೆವು. ಅವಳು ಒಂದೊಂದಾಗಿ ಹೇಳಿದಳು. ಏರಿಗೆ ಮುಂಚೆ ಆ ಹತ್ತು ಬಡಿತ ಇಲ್ಲ. ತುದಿ ಮುಟ್ಟಿದ ಮೇಲೆ ಗೆರೆ ಬೀಳುವುದಿಲ್ಲ, ಮೆಟ್ಟಿಲು ಇಳಿಯುವ ಹಾಗೆ ನಿಧಾನ ಇಳಿಯುತ್ತದೆ. ಸೇತುವೆಯ ಹತ್ತಿರ ನಿಲ್ಲುವುದೇ ಇಲ್ಲ, ಸರ್‍ರನೆ ದಾಟಿ ಹೋಗುತ್ತಾನೆ. ಎವರಿಸ್ತ್ ಕನ್ನಡಕ ಏರಿಸಿ ನೋಡಿದ. ಒಳ್ಳೆಯ ಮನುಷ್ಯ, ಆದರೆ ಓದಿದವನು. ಓದಿದವರ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತದೆ. "ಪಟ್ಟಿ ಸಡಿಲ ಕಟ್ಟಿದ್ರೆ ಲೆಕ್ಕ ತಪ್ಪತ್ತೆ ಮಾಮಾ ತೇತಾ. ಅಭ್ಯಾಸ ಹೆಚ್ಚಾದ್ರೆ ಎದೇನೂ ಬದಲಾಗತ್ತೆ. ಧೈರ್ಯ ಬಂದಿರಬೇಕು, ಹೆದರಿಕೆ ಹೋಗಿದೆ. ಒಳ್ಳೇದೇ ಅಲ್ವಾ?"

"ಹಸುಗಳೂ ಬೇಡವಾದ್ವಾ ಹಾಗಾದ್ರೆ?" ಅಂದಳು. ಎವರಿಸ್ತ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ.

ನನಗೂ ಗೊಂದಲ. ಫೋನಿನಲ್ಲಿ ದನಿ ಅವನದೇ. ನಾನೇ ಮಾತಾಡಿದ್ದೆ. ಮುಖ ತೋರಿಸು ಎಂದರೆ ಇಲ್ಲಿ ಸಿಗ್ನಲ್ ಸರಿಯಿಲ್ಲ ಅನ್ನುತ್ತಿದ್ದ. ದನಿ ಅವನದು, ಎದೆ ಬೇರೆಯವನದು. ಇದೆಂಥ ಮಾಟ? ಅವಳು ರಾತ್ರಿಯ ಊಟ ಅರ್ಧಕ್ಕೇ ಬಿಡುತ್ತಾಳೆಂದು ಅವಳ ತಾಯಿ ಹೇಳಿದಳು. ಒಂದು ದಿನ ಹಾಲಿಗೆ ಬೆರಳು ಅದ್ದಿ, ನಾಲಿಗೆಗಿಡುವುದನ್ನೇ ಮರೆತು ಬೆರಳು ಒರೆಸಿಕೊಂಡದ್ದನ್ನು ನಾನೇ ನೋಡಿದೆ.

ಜುಲೈ ಕೊನೆಯ ಶನಿವಾರ ಬಂತು. ನಾವೆಲ್ಲ ಶಾಲೆಯ ಹಿಂದಿನ ಚರಂಡಿ ತೆಗೆದು ಕೈಕಾಲು ತೊಳೆದುಕೊಂಡು ಬಂದಾಗ ಹನ್ನೊಂದೂವರೆ. ದಾತಿವಾ ಅಂಗಡಿಯ ಬಾಗಿಲು ತೆರೆದು ಫೋನು ನೋಡಿದಳು. ಆ ದಿನದ ಗೆರೆ ಆಗಲೇ ಬಂದು ಕೂತಿತ್ತು. ಸವಾರಿ ಶುರುವಾದದ್ದು ಬೆಳಿಗ್ಗೆ ಎಂಟಕ್ಕೆ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರವೂ ನಮ್ಮ ಗಡಿಯಾರವೂ ಒಂದೇ ಹೊತ್ತು ತೋರಿಸುತ್ತವೆ. ಲೆಕ್ಕ ತಪ್ಪಲು ದಾರಿಯಿಲ್ಲ. ಅವಳು ಫೋನನ್ನು ನನ್ನ ಮುಂದೆ ಹಿಡಿದಳು. ಮುಸಾಂಜೆಯಲ್ಲಿ ಹುಟ್ಟಿದ ಯಾವನೂ ಕೊನೆಯ ಶನಿವಾರ ಎಂಟಕ್ಕೆ ಸೈಕಲ್ ಹತ್ತುವುದಿಲ್ಲ, ವಿಯಾನೆಯಂತೂ ಇಲ್ಲವೇ ಇಲ್ಲ.

"ಸಂಜೆ ಅಂಗಡಿ ತೆಗೆಯಲ್ಲ. ನೀವು ಬಂದು ಕೂತ್ಕೊಳ್ಳಿ, ಮುಜೇ," ಅಂದಳು. "ಒಬ್ಬಳೇ ಕೇಳೋಕಾಗಲ್ಲ ನಂಗೆ."

ಸಂಜೆ ಆರಕ್ಕೆ ಬಾಗಿಲು ಮುಂದೆ ಮಾಡಿಕೊಂಡು ಕೂತೆವು. ತೇತಾ ಅವಳ ತೊಡೆಯ ಮೇಲೆ. ಫೋನನ್ನು ಹಾಲಿನ ಕ್ಯಾನಿನ ಮುಚ್ಚಳದ ಮೇಲಿಟ್ಟು, ನನಗೂ ಕೇಳುವ ಹಾಗೆ ಮಾಡಿ ಕರೆ ಮಾಡಿದಳು.

"ಹೇಳು, ಮಾಮಾ ತೇತಾ," ಎಂದಿತು ಅವನ ದನಿ.

"ಇವತ್ತು ಅಂಗಳ ಗುಡಿಸಿದ್ಯಾ?"

"ಅಂಗಳ... ಹೂಂ. ಗುಡಿಸ್ದೆ."

"ಎಂಟಕ್ಕೆ ಸವಾರಿ ಹೊರಟಿದ್ದೀಯ. ಗುಡಿಸಿದ್ದು ಯಾವಾಗ?"

ಆ ಕಡೆ ಮಂಚ ಕಿರುಗುಟ್ಟಿತು.

"ಪಾಪಾ ತೇತಾ, ನಿನ್ನ ವಾಚು ಯಾರ ಕೈಯಲ್ಲಿದೆ?"

"ಫಿಲ್ಮೋನ್ ಕೈಲಿ," ಅಂದ.

ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಸಿಟ್ಟೋ ಸಮಾಧಾನವೋ ನನಗೆ ತಿಳಿಯಲಿಲ್ಲ. "ಅವನನ್ನ ಕರಿ. ವಾಚು ಬಿಚ್ಚಿಸ್ಕೋ. ನಿನ್ನ ಕೈಗೆ ಕಟ್ಕೊಂಡು ಗುಂಡಿ ಒತ್ತು."

"ಮಲಗಿದ್ದೀನಿ ಕಣೇ. ಹಾಸಿಗೆ ಮೇಲೆ ಎಂಥ ಸವಾರಿ?"

"ಒತ್ತು ಅಂದೆ."

ಆ ಕಡೆ ಏನೋ ಗುಸುಗುಸು, ಯಾರದೋ ಹೆಜ್ಜೆ, ಆಮೇಲೆ ಪೀಂ ಎಂಬ ಸಣ್ಣ ಸದ್ದು. "ಒತ್ತಿದೆ," ಅಂದ.

"ಪಟ್ಟಿ ಬಿಗಿಯಾಗಿ ಕಟ್ಟಿದ್ದೀಯಾ?"

"ಕಟ್ಟಿದ್ದೀನಿ."

"ಈಗ ಹೇಳು." ಅವಳು ಗೋಡೆಯ ಗಡಿಯಾರ ನೋಡಿದಳು. ಆರು ಹತ್ತು.

ಅವನು ಹೇಳಿದ. ಜುಲೈ ಎರಡಕ್ಕೆ ಒದ್ದೆ ಕಲ್ಲುಹಾಸಿನ ಮೇಲೆ ಮುಂದಿನ ಚಕ್ರ ಜಾರಿತು. ತೊಡೆಯ ಮೂಳೆ ಮುರಿಯಿತು, ಒಳಗೆ ಕಬ್ಬಿಣದ ಸರಳು ಹಾಕಿದ್ದಾರೆ. ವಿಶ್ರಾಂತಿ ಅಂತ ಸುಳ್ಳು ಹೇಳಿದ್ದು ಆಸ್ಪತ್ರೆಯ ಮಂಚದಿಂದ. ತಂಡದವರು ಅವನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡಾಯಿತು. ಆಗಸ್ಟ್ ಮುಗಿಯುವವರೆಗೆ ಕೋಣೆಯಲ್ಲಿ ಇರಬಹುದು, ಅಷ್ಟೇ. ಫಿಲ್ಮೋನ್ ಪಾಪ ಎರಡೂ ಕೈಗೆ ಒಂದೊಂದು ವಾಚು ಕಟ್ಟಿಕೊಂಡು ಹೋಗುತ್ತಿದ್ದ, ಒಂದು ತನ್ನ ಕೋಚಿಗೆ, ಒಂದು ಮುಸಾಂಜೆಯ ಹಾಲಿನಂಗಡಿಗೆ.

"ಯಾಕೆ ಹಾಗೆ ಮಾಡ್ದೆ?"

"ಸಂಜೆ ಅಷ್ಟು ಜನ ಬಂದು ಕೂತಿರ್ತಾರೆ. ಅವರಿಗೆ ಏನು ತೋರಿಸ್ತಿದ್ದೆ ನೀನು? ಹಾಲಿನವನು ಬಿದ್ದ, ಮುಗೀತು ಅಂತನಾ?"

"ನಾನು ಅವರಿಗೋಸ್ಕರ ನೋಡ್ತಿದ್ದೆ ಅಂದ್ಕೊಂಡ್ಯಾ?"

ನನಗೆ ತಡೆಯಲಾಗಲಿಲ್ಲ. "ಮಗಾ, ಕಾಲು ಈಗ ಹೆಂಗಿದೆ?" ಅಂದೆ.

"ಅಯ್ಯೋ, ಮುಜೇನೂ ಇದ್ದಾರಾ?" ಅವನ ದನಿ ಒಡೆಯಿತು. "ಕುಂಟ್ತೀನಿ ಮುಜೇ. ಕೋಲು ಹಿಡ್ಕೊಂಡು ಸೇತುವೆ ತನಕ ಹೋಗ್ತೀನಿ."

ಯಾಕೆ ಸೇತುವೆಯ ತನಕ ಎಂದು ನಾವಿಬ್ಬರೂ ಕೇಳಲಿಲ್ಲ. ಅಷ್ಟರಲ್ಲಿ ತೇತಾ ಫೋನಿಗೆ ಬಾಯಿ ಹಚ್ಚಿ, "ಪಾಪಾ, ನನ್ನ ಒಂದು ಚಪ್ಪಲಿ ಕಳೆದೋಯ್ತು," ಅಂದಳು. "ಯಾವುದು ಕಂದಾ, ಎಡಗಡೇದಾ ಬಲಗಡೇದಾ?" ಎಂದು ಅವನು ಕೇಳಿದ. ಅವಳಿಗೆ ಎಡಬಲ ಗೊತ್ತಿಲ್ಲ. "ಕೆಂಪಂದು," ಅಂದಳು.

ದಾತಿವಾ ಮಗುವನ್ನು ಕೆಳಗಿಳಿಸಿ ಮತ್ತೆ ಗಡಿಯಾರ ನೋಡಿದಳು. "ಮನೆಗೆ ಬರ್ತೀಯಾ?" ಅಂದಳು. ಅಷ್ಟೇ ಅಂದಳು.

ಎಷ್ಟು ಹೊತ್ತು ಮೌನ ಇತ್ತೋ. ಒಲೆಯ ಮೇಲಿನ ಹಾಲು ಕೆನೆ ಕಟ್ಟುವುದು ಕೇಳಿಸುವಷ್ಟು. ಆಮೇಲೆ ಅವನು, "ನೋಡೋಣ," ಅಂದ. "ಡಾಕ್ಟರು ಏನಂತಾರೋ. ಇಲ್ಲೇ ಒಂದು ಹೋಟೆಲಲ್ಲಿ ಪಾತ್ರೆ ತೊಳೆಯೋ ಕೆಲಸ ಇದೆಯಂತೆ. ಗೆದ್ದು ಬರ್ತೀನಿ ಅಂತ ಹೇಳಿ ಬಂದೋನು ನಾನು. ನೋಡೋಣ, ಮಾಮಾ ತೇತಾ."

"ಆಯ್ತು. ಗುಂಡಿ ಒತ್ತಿ ಕಳಿಸು," ಅಂದಳು. ಕರೆ ಮುಗಿಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. "ನೋಡೋಣವಂತೆ! ಹೆಣ್ಣು ಕೇಳೋಕೆ ಹೋದಾಗ ಇವನ ಪರವಾಗಿ ಎಷ್ಟು ಚೆನ್ನಾಗಿ ಮಾತಾಡಿದ್ದೆ ನಾನು. ನಿಮ್ಮಪ್ಪನ ಮುಂದೆ ಈಗ ಹೆಂಗೆ ಮುಖ ತೋರಿಸ್ಲಿ? ಪಾತ್ರೆ ತೊಳೀತಾನಂತೆ! ಇಲ್ಲಿ ಕ್ಯಾನು ತೊಳೆಯೋಕೆ ಏನಾಗಿದೆ ಇವನಿಗೆ?" ಎಂದೆಲ್ಲ ಕೂಗಾಡಿದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಫೋನು ನೋಡುತ್ತ ಕೂತಿದ್ದಳು.

ಐದು ನಿಮಿಷಕ್ಕೆ ಬಂತು. ದೂರ, ಸೊನ್ನೆ ಕಿಲೋಮೀಟರು. ಏರು, ಸೊನ್ನೆ. ಹೊತ್ತು, ಮೂವತ್ತೊಂದು ನಿಮಿಷ. ನಕ್ಷೆಯೇ ಇಲ್ಲ. ಕೆಂಪು ಗೆರೆ ಒಂದೇ.

ಅವಳು ಅದರ ಮೇಲೆ ಬೆರಳಿಟ್ಟು ಎಡದಿಂದ ಹೊರಟಳು. ಬೆರಳು ಸರಿದ ಹಾಗೆ ಆ ಕ್ಷಣದ ಬಡಿತ ಮೇಲೆ ಕಾಣುತ್ತದೆ. "ಮಲಗಿದಾಗ ನಲವತ್ತನಾಲ್ಕು ಇರ್ತಿತ್ತು. ನೋಡಿ, ಈಗ ಅರವತ್ತೆರಡು. ಮೈ ಸೋತಿದೆ," ಅಂದಳು. ಬಿದ್ದದ್ದು ಹೇಳಿದಾಗ ಎಪ್ಪತ್ತು. ತಂಡದಿಂದ ತೆಗೆದದ್ದು ಹೇಳಿದಾಗ ಎಪ್ಪತ್ತೆಂಟು. ಅಂಗಡಿಯ ಜನರ ಮಾತು ಬಂದಾಗ ತೊಂಬತ್ತು. ನನ್ನ ದನಿ ಕೇಳಿದಾಗ ಒಂದು ಸಣ್ಣ ಗುಬುಟು. ತೇತಾಳ ಚಪ್ಪಲಿಯ ಹತ್ತಿರ ಗೆರೆ ಮೆತ್ತಗೆ ಕೆಳಗಿಳಿದಿತ್ತು.

ಇಪ್ಪತ್ತಾರನೆಯ ನಿಮಿಷಕ್ಕೆ ಬಂದು ಬೆರಳು ನಿಂತಿತು. ಅವಳು ಬರ್ತೀಯಾ ಎಂದು ಕೇಳುವ ಮೊದಲೇ ಗೆರೆ ಹತ್ತು ಬಡಿತ ಮೇಲೆದ್ದಿತ್ತು. ಅವಳು ಮಗುವನ್ನು ಕೆಳಗಿಳಿಸಿದಾಗಲೇ ಅವನಿಗೆ ಗೊತ್ತಾಗಿತ್ತು, ಏರು ಬಂತು ಅಂತ. ಆಮೇಲೆ ಆ ಮೌನದ ಉದ್ದಕ್ಕೂ ಗೆರೆ ಹತ್ತಿತ್ತು. ನೂರು, ನೂರಾ ಹದಿನೈದು, ನೂರಾ ಇಪ್ಪತ್ತೊಂಬತ್ತು. ಹಾಸಿಗೆಯಲ್ಲಿ ಬೆನ್ನು ಹಚ್ಚಿ ಮಲಗಿದ ಮನುಷ್ಯನಿಗೆ. ನೋಡೋಣ ಎಂದು ಬಾಯಿ ಅನ್ನುವ ಹೊತ್ತಿಗೆ ಅವನ ಎದೆ ಆಗಲೇ ಕಿನಿಗಿಯ ಏರಿನ ಅರ್ಧದಲ್ಲಿತ್ತು.

"ಇದು ಅವನದು," ಅಂದಳು ದಾತಿವಾ. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ನೀರು ನೋಡಿದೆ. ಅವಳು ಒರೆಸಿಕೊಳ್ಳಲಿಲ್ಲ. ನಾನು ನನ್ನದನ್ನು ತೋಳಿನಿಂದ ಒರೆಸಿಕೊಂಡೆ.

ಸೋಮವಾರ ಬೆಳಿಗ್ಗೆ ನಾನು ಚಪ್ಪರದ ಗೋಣಿ ಎತ್ತಿ ಕಟ್ಟುತ್ತಿದ್ದಾಗ ಅವಳು ಹಿಂದಿನ ಗೋಡೆಯ ಕಡೆಯಿಂದ ಆ ಕಬ್ಬಿಣದ ಸೈಕಲ್ ತಳ್ಳಿಕೊಂಡು ಬಂದಳು. ಗಾಳಿ ಹೋಗಿ ಎರಡೂ ಟೈರು ನೆಲಕ್ಕೆ ಅಂಟಿದ್ದವು, ಚೈನು ಕಂದು ಬಣ್ಣಕ್ಕೆ ತಿರುಗಿತ್ತು, ಜೇಡ ಬೆಲ್ಲಿನೊಳಗೆ ಮನೆ ಮಾಡಿತ್ತು. ಕ್ಯಾನು ಕಟ್ಟುವ ಹಗ್ಗ ಮಾತ್ರ ಹೊಸದು.

"ಚೈನು ಬಿಡಿಸಿ ತೊಳೆದುಬಿಡಿ ಮುಜೇ. ಬ್ರೇಕಿಗೆ ಹೊಸ ರಬ್ಬರು ಹಾಕಿ. ಸೀಟು ಎರಡು ಬೆರಳು ಇಳಿಸಿ, ಕಾಲು ಮೊದಲಿನ ಹಾಗೆ ಚಾಚೋಕಾಗಲ್ಲ."

"ಮತ್ತೆ ಫೋನ್ ಮಾಡಿದ್ನಾ?" ಅಂದೆ. "ಬರ್ತೀನಿ ಅಂದ್ನಾ?"

"ಇಲ್ಲ."

"ಮತ್ತೆ ಇದು?"

ಅವಳು ಸೈಕಲನ್ನು ನನ್ನ ಕಂಬಕ್ಕೆ ಒರಗಿಸಿ, ಸೀಟಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದಳು. "ಬರ್ತಾನೆ ಅಂತ ಅವನಿಗಿನ್ನೂ ಗೊತ್ತಾಗಿಲ್ಲ," ಅಂದು ಅಂಗಡಿಯ ಬಾಗಿಲು ತೆಗೆಯಲು ಹೋದಳು.

ನಾನು ಚೈನು ಬಿಡಿಸಿ ಸೀಮೆಎಣ್ಣೆಯಲ್ಲಿ ಹಾಕಿದೆ.